ಉಪ್ಪಿನ ಹರಳಲ್ಲೇ ಅಯಾನುಗಳಿವೆ, ಆದರೂ ಕರೆಂಟ್ ಯಾಕೆ ಹರಿಯುವುದಿಲ್ಲ?

ಪ್ರಶ್ನೆ:
ಸೋಡಿಯಂ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ತೆಗೆದುಕೊಳ್ಳುತ್ತದೆ, ಎರಡೂ ಅಯಾನುಗಳಾಗಿ, ಅಂದರೆ ಆವೇಶ ಹೊತ್ತ ಕಣಗಳಾಗಿ, ಅಯಾನಿಕ ಬಂಧ ಆಗುತ್ತದೆ ಅಂತ ಓದಿದೆ. ಅಂದಮೇಲೆ ಒಣ ಉಪ್ಪಿನಲ್ಲೇ ಅಯಾನುಗಳಿವೆ ಅಲ್ವಾ? ಆದರೆ 9 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಜೋಡಿಸಿ, ವೈರುಗಳಿಗೆ ಪೆನ್ಸಿಲ್ ಕಡ್ಡಿ ಕಟ್ಟಿ ಉಪ್ಪಿಗೆ ಚುಚ್ಚಿದರೆ ಏನೂ ಇಲ್ಲ. ನೀರು ಹಾಕಿದ ಮೇಲೆ ಹೊತ್ತಿಕೊಂಡಿತು. ಸಕ್ಕರೆ ನೀರಿನಲ್ಲಿ ಮಾತ್ರ ಹೊತ್ತಲೇ ಇಲ್ಲ. ಇನ್ನೊಂದು, ಕರೆಂಟ್ ಹಾಯಿಸುವ ಎರಡು ಕಡ್ಡಿಗಳಲ್ಲಿ ಒಂದಾದ ಆನೋಡ್ ಧನವೋ ಋಣವೋ? ವಿದ್ಯುದ್ವಿಭಜನೆ (ಕರೆಂಟ್ ಹಾಯಿಸಿ ವಸ್ತುವನ್ನು ಒಡೆಯುವುದು) ಪಾಠದಲ್ಲಿ ಒಂದು ಇದೆ, ಬ್ಯಾಟರಿ ಪಾಠದಲ್ಲಿ ಇನ್ನೊಂದು. ಎರಡು ದಿನದಿಂದ ತಲೆ ಕೊರೆಯುತ್ತಿದೆ.

ಉತ್ತರ 1:
ಅಯಾನು ಇದ್ದರೆ ಸಾಲದು, ಅದು ಓಡಾಡಬೇಕು. ಹರಳಿನೊಳಗೆ ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ, ಹೀಗೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಕದಲುವುದಕ್ಕೇ ಆಗುವುದಿಲ್ಲ. ನೀರು ಆ ಹಿಡಿತ ಬಿಡಿಸುತ್ತದೆ. ನೀರೇ ಆಗಬೇಕು ಅಂತಿಲ್ಲ, 801 ಡಿಗ್ರಿ ಸೆಲ್ಸಿಯಸ್ ದಾಟಿಸಿ ಉಪ್ಪನ್ನೇ ದ್ರವ ಮಾಡಿದರೂ ಕರೆಂಟ್ ಹರಿಯುತ್ತದೆ.

ಸಕ್ಕರೆಯದು ಸಹವೇಲೆನ್ಸೀಯ ಬಂಧ, ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡಿರುತ್ತವೆ. ಕರಗಿದರೂ ಅಣುಗಳು ಇಡಿಯಾಗಿಯೇ ಉಳಿಯುತ್ತವೆ, ಅವಕ್ಕೆ ಆವೇಶ ಇಲ್ಲ.

ಉತ್ತರ 2:
ಮೇಲಿನದು ಸರಿ. ಆದರೆ ಸಹವೇಲೆನ್ಸೀಯ ಅಂದರೆ ಕರೆಂಟ್ ಇಲ್ಲ ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಹೈಡ್ರೋಜನ್ ಕ್ಲೋರೈಡ್ ಅನಿಲದ್ದೂ ಅದೇ ಬಂಧ, ನೀರಿಗೆ ಸೇರಿದ ಕೂಡಲೇ ಅಯಾನುಗಳಾಗಿ ಒಡೆಯುತ್ತದೆ, ಚೆನ್ನಾಗಿ ಕರೆಂಟ್ ಹರಿಯುತ್ತದೆ.

ಆನೋಡ್ ವಿಷಯಕ್ಕೆ ಬಂದರೆ, ಧನ ಋಣ ಸದ್ಯಕ್ಕೆ ಪಕ್ಕಕ್ಕಿಡಿ. ಎಲೆಕ್ಟ್ರಾನ್ ಕಳೆದುಕೊಳ್ಳುವುದು, ಅಂದರೆ ಉತ್ಕರ್ಷಣ, ಎಲ್ಲಿ ನಡೆಯುತ್ತದೋ ಅದೇ ಆನೋಡ್. ಅಪಕರ್ಷಣ, ಅಂದರೆ ಎಲೆಕ್ಟ್ರಾನ್ ಪಡೆಯುವುದು, ನಡೆಯುವ ಕಡೆ ಕ್ಯಾಥೋಡ್. ಇದು ಎರಡೂ ಪಾಠಕ್ಕೆ ಒಂದೇ. ವಿದ್ಯುದ್ವಿಭಜನೆಯಲ್ಲಿ ಹೊರಗಿನ ಬ್ಯಾಟರಿ ಆನೋಡಿನಿಂದ ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ, ಅದಕ್ಕೇ ಅದು ಧನ. ಬ್ಯಾಟರಿಯೊಳಗೆ ಸತು ತಾನಾಗಿಯೇ ಎಲೆಕ್ಟ್ರಾನ್ ಬಿಟ್ಟುಕೊಟ್ಟು ವೈರಿಗೆ ತಳ್ಳುತ್ತದೆ, ಹಾಗಾಗಿ ಅಲ್ಲಿ ಆನೋಡ್ ಋಣ. ಆನೋಡ್, ಕ್ಯಾಥೋಡ್, ಅಯಾನು ಈ ಹೆಸರುಗಳನ್ನು ಮೈಕಲ್ ಫ್ಯಾರಡೆ 1834ರಲ್ಲಿ ಬಳಕೆಗೆ ತಂದದ್ದು.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು, ತುಂಬಾ ಥ್ಯಾಂಕ್ಸ್! ಉಪ್ಪು ನೀರಿನಲ್ಲಿ ಋಣ ಕಡ್ಡಿಯ ಮೈತುಂಬ ಸಣ್ಣ ಗುಳ್ಳೆಗಳು ಎದ್ದವು. ಅಲ್ಲಿ ಸೋಡಿಯಂ ಸಿಗಬೇಕಿತ್ತು ಅಲ್ವಾ?

ಉತ್ತರ 3:
ಸಿಗುವುದಿಲ್ಲ. ಸೋಡಿಯಂ ಅಯಾನಿಗಿಂತ ನೀರು ಸುಲಭವಾಗಿ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ನೀವು ನೋಡಿದ್ದು ಹೈಡ್ರೋಜನ್ ಗುಳ್ಳೆ. ಅಲ್ಲಿ ಒಂದು ಹನಿ ಫಿನಾಲ್ಫ್ತಲೀನ್ (ಕ್ಷಾರ ಇದ್ದರೆ ಗುಲಾಬಿಯಾಗುವ ಸೂಚಕ) ಬಿಟ್ಟರೆ ಕಡ್ಡಿಯ ಸುತ್ತ ಗುಲಾಬಿ ಬಣ್ಣ ಹರಡುತ್ತದೆ, ಹೈಡ್ರಾಕ್ಸೈಡ್ ಅಯಾನುಗಳು ಉಳಿದಿರುತ್ತವಲ್ಲ, ಅದಕ್ಕೆ. ಧನ ಕಡ್ಡಿಯಲ್ಲಿ ಕ್ಲೋರಿನ್ ಬರುತ್ತದೆ, ಅದು ವಿಷ. ಜಾಸ್ತಿ ಹೊತ್ತು ಬಿಡಬೇಡಿ, ಕಿಟಕಿ ತೆಗೆದಿಡಿ.