ಅಪ್‌ಡೇಟ್: ಬರೀ ಡಬ್ಬ ಎತ್ತಿಡೋ ಕೆಲಸದಲ್ಲಿ ಕಲಿಯೋದೇನು ಅಂತ ಕೇಳಿದ್ದೆ

ಹತ್ತು ದಿನದ ಹಿಂದೆ ಕೇಳಿದ್ದು ನಾನೇ: ಯುವಜನರ ಕೆಲಸದ ಅನುಭವ ಕಾರ್ಯಕ್ರಮದಲ್ಲಿ ಗೋದಾಮಿಗೆ ಹಾಕಿದ್ದಾರೆ, ದಿನವಿಡೀ ಡಬ್ಬ ಎತ್ತಿಡೋದೇ ಆಯ್ತು, ರೆಸ್ಯೂಮ್‌ನಲ್ಲಿ ಏನಂತ ಬರೀಲಿ ಅಂತ.

ಮೇಲ್ವಿಚಾರಕರಿಗೆ ಉದ್ದ ಮೇಲ್ ಹಾಕು ಅಂದವರು ಬೇಜಾರಾಗಬೇಡಿ, ಅದಕ್ಕೆ ಉತ್ತರವೇ ಬರಲಿಲ್ಲ. ಕೈಹಿಡಿದಿದ್ದು "ದಿನಾ ಮೂರು ಸಾಲು ಬರೆದಿಡು, ಅದನ್ನ ತೋರಿಸಿ ಒಂದೇ ಒಂದು ಕೆಲಸ ಕೇಳು" ಅನ್ನೋ ಸಲಹೆ. ಬಿಡುವಿನ ಹೊತ್ತಲ್ಲಿ ನೋಟ್‌ಬುಕ್ ಹಿಡ್ಕೊಂಡು ಮೇಲ್ವಿಚಾರಕರ ಹತ್ರ ಹೋಗಿ, "ಸ್ಟಾಕ್ ಎಣಿಸುವಾಗ ನಾನೂ ಜೊತೆಗೆ ನಿಲ್ಲಲಾ ಸರ್?" ಅಂದೆ. "ಇಷ್ಟೇನಾ? ನಾಳೆಯಿಂದ ಬಾ" ಅಂದ್ರು!

ಎರಡನೇ ದಿನವೇ ಲೆಕ್ಕ ತಾಳೆ ಆಗಲಿಲ್ಲ. ಪಟ್ಟಿಯಲ್ಲಿ 120, ನನ್ನ ಎಣಿಕೆ 100. ಇದ್ದದ್ದು 10 ಡಬ್ಬ, ಒಂದೊಂದರಲ್ಲೂ 12. ನಾನು ಲೇಬಲ್ ನೋಡದೆ ಹತ್ತತ್ತು ಅಂತ ಹಿಡಿದಿದ್ದೆ. ನಾನೇ ಹೋಗಿ ತಪ್ಪು ಹೇಳ್ಕೊಂಡೆ. ಬೈತಾರೆ ಅಂದ್ಕೊಂಡ್ರೆ, ಲೇಬಲ್ ಓದೋದು ಹೇಗೆ, ಹಳೇ ಸರಕು ಮುಂದೆ, ಹೊಸದು ಹಿಂದೆ ಇಡೋದ್ಯಾಕೆ ಅಂತ ಕೂರಿಸಿ ಹೇಳಿಕೊಟ್ರು.

ರೆಸ್ಯೂಮ್‌ನಲ್ಲಿ ಈಗ "ಸ್ಟಾಕ್ ಎಣಿಕೆ, ಪಟ್ಟಿಯೊಂದಿಗೆ ತಾಳೆ ನೋಡುವುದು" ಅಂತ ಇದೆ. ರೆಫರೆನ್ಸ್ ಕೊಡೋಕೂ ಒಪ್ಪಿದ್ದಾರೆ. ಫೋನ್ ಎತ್ತೋ ಭಯ ಮಾತ್ರ ಹೋಗಿಲ್ಲ, ಅದಕ್ಕೆ ಬೇರೆ ಪ್ರಶ್ನೆ ಹಾಕ್ತೀನಿ.