ಪಿಎಂಪಿ ಪರೀಕ್ಷೆ: ಅಜೈಲ್ ಭಾಗಕ್ಕೆ ಮಾರ್ಗದರ್ಶನ ಬೇಕು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿ ಒಂಬತ್ತು ವರ್ಷಗಳಿಂದ ಸೇತುವೆ ಕಾಮಗಾರಿಗಳನ್ನು ನೋಡಿಕೊಳ್ಳುತ್ತಿರುವ ನಾನು, ಅರ್ಜಿಗೆ ಅಗತ್ಯವಾದ 35 ಗಂಟೆಗಳ ತರಬೇತಿಯನ್ನು ಮುಗಿಸಿ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್ ಎಂಬ ಯೋಜನಾ ನಿರ್ವಹಣೆಯ ಪ್ರಮಾಣಪತ್ರ) ಪರೀಕ್ಷೆಗೆ ಸಿದ್ಧನಾಗುತ್ತಿದ್ದೇನೆ. ಕ್ರಿಟಿಕಲ್ ಪಾತ್ (ಯೋಜನೆಯ ಒಟ್ಟು ಅವಧಿಯನ್ನು ನಿರ್ಧರಿಸುವ ಕೆಲಸಗಳ ಸರಣಿ), ಅರ್ನ್ಡ್ ವ್ಯಾಲ್ಯೂ (ಮುಗಿದ ಕೆಲಸದ ಮೌಲ್ಯವನ್ನು ಯೋಜಿತ ಕೆಲಸ ಮತ್ತು ವೆಚ್ಚದೊಂದಿಗೆ ಹೋಲಿಸುವ ಲೆಕ್ಕ) ಮುಂತಾದವು ನಿತ್ಯದ ಕೆಲಸದಲ್ಲೇ ಬರುವುದರಿಂದ ಕಷ್ಟವೆನಿಸಿಲ್ಲ. ಆದರೆ 2021ರ ಪರಿಷ್ಕರಣೆಯಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳನ್ನು ಅಜೈಲ್ (ಕೆಲಸವನ್ನು ಸಣ್ಣ ಹಂತಗಳಲ್ಲಿ ಮಾಡುತ್ತಾ, ತಂಡವೇ ತೀರ್ಮಾನಿಸಿ ಯೋಜನೆಯನ್ನು ಬದಲಿಸಿಕೊಳ್ಳುತ್ತಾ ಹೋಗುವ ವಿಧಾನ) ಮತ್ತು ಹೈಬ್ರಿಡ್ (ಅದನ್ನು ಸಾಂಪ್ರದಾಯಿಕ ವಿಧಾನದೊಂದಿಗೆ ಬೆರೆಸುವ) ವಿಧಾನಗಳಿಗೆ ಮೀಸಲಿಡಲಾಯಿತು. ಅಣಕು ಪರೀಕ್ಷೆಗಳಲ್ಲಿ ನಾನು ಎಡವುತ್ತಿರುವುದು ಅಲ್ಲಿಯೇ. ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ವ್ಯವಸ್ಥಾಪಕರು ಮೊದಲು ಏನು ಮಾಡಬೇಕೆಂಬ ಪ್ರಶ್ನೆಗೆ, ಸೈಟಿನ ರೂಢಿಯಂತೆ ತಾನೇ ತೀರ್ಮಾನ ಕೊಡುವ ಉತ್ತರವನ್ನು ಆರಿಸಿಬಿಡುತ್ತೇನೆ. ಸರಿಯುತ್ತರವಾದರೋ ಸಾಮಾನ್ಯವಾಗಿ ತಂಡದವರನ್ನೇ ಕೂರಿಸಿ ಮಾತನಾಡಿಸುವುದಾಗಿರುತ್ತದೆ. ಪರೀಕ್ಷೆ ಮುಗಿದ ಮೇಲೂ ನನಗೆ ಬೇಕಾಗುವ ಕಲಿಕೆಯಿದು ಎಂದು ನಂಬಿದ್ದೇನೆ. ನಿರ್ಮಾಣ ಕ್ಷೇತ್ರದಿಂದ ಬಂದು ಉತ್ತೀರ್ಣರಾದವರು ಈ ಭಾಗವನ್ನು ಹೇಗೆ ಅಭ್ಯಾಸ ಮಾಡಿದಿರೆಂದು ದಯವಿಟ್ಟು ತಿಳಿಸಿ.