ರೇಡ್ 1 ಚೆಕ್‌ನಲ್ಲಿ ಮಿಸ್‌ಮ್ಯಾಚ್ 128 ಬಂತು, ರಿಪೇರ್ ಕೊಡಲೇ?

ಪ್ರಶ್ನೆ

ಲಿನಕ್ಸ್‌ನ ಎಂಡಿ (ಡಿಸ್ಕ್‌ಗಳನ್ನ ಜೋಡಿಸೋ ಸಾಫ್ಟ್‌ವೇರ್) ರೇಡ್ 1, ಅಂದರೆ ಒಂದೇ ಡೇಟಾ 4 ಟಿಬಿಯ ಎರಡು ಡಿಸ್ಕ್‌ನಲ್ಲೂ ಇರುತ್ತೆ; ಮೇಲೆ ಎಕ್ಸ್‌ಟಿ4 ಫೈಲ್ ಸಿಸ್ಟಮ್. ಒಳಗಿರೋದು ಹೆಚ್ಚಾಗಿ ಅಪ್ಪ ಮಾತಾಡಿದ ರೆಕಾರ್ಡಿಂಗ್‌ಗಳು. ಅಪ್ಪ ಈಗ ಇಲ್ಲ, ಅವನ್ನ ಮತ್ತೆ ಮಾಡೋಕಾಗಲ್ಲ. ನಿನ್ನೆ ರಾತ್ರಿ ಚೆಕ್ (ಎರಡು ಪ್ರತಿ ಹೋಲಿಸೋದು) ಓಡಿಸಿದೆ, ಬೆಳಗ್ಗೆ ನೋಡಿದರೆ ಮಿಸ್‌ಮ್ಯಾಚ್ ಕೌಂಟ್ 128. ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡೋದು) ಎರಡೂ ಡಿಸ್ಕ್ ಸರಿಯಾಗಿವೆ, ಲಾಗ್‌ನಲ್ಲಿ ಒಂದು ರೀಡ್ ಎರರ್ ಕೂಡ ಇಲ್ಲ. ಎರಡು ಪ್ರತಿ ಇದೆ ಅಂತ ಇಷ್ಟು ದಿನ ನೆಮ್ಮದಿಯಾಗಿದ್ದೆ. ಎರಡೂ ಬೇರೆ ಬೇರೆ ಹೇಳಿದರೆ ಯಾವುದನ್ನ ನಂಬೋದು? ರಿಪೇರ್ ಕೊಟ್ಟರೆ ಸರಿಹೋಗುತ್ತಾ?

ಉತ್ತರ 1

ದಯವಿಟ್ಟು ಈಗಲೇ ರಿಪೇರ್ ಕೊಡಬೇಡಿ. ರೇಡ್ 1ರಲ್ಲಿ ಎಂಡಿ ಹತ್ತಿರ ಚೆಕ್‌ಸಮ್ (ಡೇಟಾ ಬದಲಾಗಿದೆಯಾ ಅಂತ ತಿಳಿಸೋ ಸಂಖ್ಯೆ) ಇಲ್ಲ. ಎರಡು ಪ್ರತಿ ಹೊಂದುತ್ತಿಲ್ಲ ಅನ್ನೋದಷ್ಟೇ ಅದಕ್ಕೆ ಗೊತ್ತು, ಯಾವುದು ಕೆಟ್ಟಿದೆ ಅನ್ನೋದು ಗೊತ್ತಿಲ್ಲ. ರಿಪೇರ್ ಅಂದರೆ ಒಂದನ್ನ ಹಿಡಿದು ಇನ್ನೊಂದರ ಮೇಲೆ ಬರೆಯೋದು, ಅಷ್ಟೇ.

128 ಅಂದರೆ 128 ತಪ್ಪು ಅಂತಲ್ಲ. ಅದು 512 ಬೈಟಿನ ಸೆಕ್ಟರ್ ಲೆಕ್ಕ. ರೇಡ್ 1ರಲ್ಲಿ 64 ಕಿಲೋಬೈಟ್ ತುಂಡುಗಳಾಗಿ ಹೋಲಿಸೋದರಿಂದ ಒಂದೇ ಬೈಟ್ ಬೇರೆಯಾದರೂ ಇಡೀ ತುಂಡು, ಅಂದರೆ 128 ಸೆಕ್ಟರ್, ಲೆಕ್ಕಕ್ಕೆ ಬರುತ್ತೆ.

ಅರೇ (ಜೋಡಿಸಿದ ಡಿಸ್ಕ್‌ಗಳ ಗುಂಪು) ನಿಲ್ಲಿಸಿ. ಒಂದೇ ಡಿಸ್ಕ್ ಇಟ್ಟುಕೊಂಡು ರೀಡ್‌ಓನ್ಲಿಯಾಗಿ ಅಸೆಂಬಲ್ ಮಾಡಿ, ಮೌಂಟ್ ಮಾಡುವಾಗ ನೋಲೋಡ್ ಆಯ್ಕೆ ಕೊಡಿ, ಇಲ್ಲದಿದ್ದರೆ ಎಕ್ಸ್‌ಟಿ4 ತನ್ನ ಜರ್ನಲ್‌ನಲ್ಲಿ (ಬದಲಾವಣೆಗಳ ದಾಖಲೆ) ಉಳಿದದ್ದನ್ನ ಡಿಸ್ಕ್‌ಗೆ ಬರೆಯೋಕೆ ಹೋಗಬಹುದು. ಎಲ್ಲ ಫೈಲ್‌ಗಳ ಎಸ್‌ಎಚ್‌ಎ256 (ಒಂದು ಬಗೆಯ ಚೆಕ್‌ಸಮ್) ಪಟ್ಟಿ ತೆಗೆಯಿರಿ. ಇನ್ನೊಂದು ಡಿಸ್ಕ್‌ಗೂ ಹಾಗೇ ಮಾಡಿ, ಎರಡು ಪಟ್ಟಿ ಹೋಲಿಸಿ.

ಉತ್ತರ 2

ಆ ಅರೇ ಮೇಲೆ ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಇದೆಯಾ? ಡಿಸ್ಕ್‌ಗೆ ಬರೆಯುತ್ತಿರುವಾಗಲೇ ಮೆಮೊರಿಯ ಪೇಜ್ ಬದಲಾದರೆ ಎರಡು ಪ್ರತಿ ಬೇರೆಯಾಗಿಬಿಡುತ್ತವೆ. ಆ ಜಾಗವನ್ನ ಮತ್ತೆ ಯಾರೂ ಓದದಿದ್ದರೆ ತೊಂದರೆಯೇನಿಲ್ಲ. ರೇಡ್ 5, 6ರಲ್ಲಿ ಮಾತ್ರ ಮಿಸ್‌ಮ್ಯಾಚ್ ಬಂದರೆ ಹೀಗೆ ಸಮಾಧಾನ ಮಾಡಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪಟ್ಟಿ ಹೋಲಿಸಿದೆ. ಬೇರೆಯಾಗಿದ್ದದ್ದು ಒಂದೇ ಫೈಲ್, ಸ್ವಾಪ್ ಫೈಲ್! ಅಪ್ಪನ ರೆಕಾರ್ಡಿಂಗ್‌ಗಳು ಎರಡರಲ್ಲೂ ಒಂದೇ. ಆ ಸಾಲುಗಳು ಹೊಂದಿದ್ದನ್ನ ಕಂಡಾಗ ಕೈ ನಡುಗಿತು.

ಆದರೂ ನಿಜವಾಗಿ ಕೆಟ್ಟಿದ್ದರೆ ಏನಾಗ್ತಿತ್ತು ಅಂತ ನೋಡಲೇಬೇಕಿತ್ತು. 1 ಜಿಬಿಯ ಎರಡು ಫೈಲ್‌ಗಳನ್ನ ಲೂಪ್ ಡಿವೈಸ್ (ಡಿಸ್ಕ್‌ನಂತೆ ಬಳಸೋ ಫೈಲ್) ಮಾಡಿ ರೇಡ್ 1 ಕಟ್ಟಿದೆ. ಫೈಲ್‌ಗಳನ್ನ ತುಂಬಿ, ಎಸ್‌ಎಚ್‌ಎ256 ಬರೆದಿಟ್ಟು, ಅರೇ ನಿಲ್ಲಿಸಿ, ಮೊದಲನೇ ಡಿಸ್ಕ್‌ನ ನಡುವೆ ಡಿಡಿ ಕಮಾಂಡ್‌ನಿಂದ ರ‍್ಯಾಂಡಮ್ ಬೈಟ್ ಸುರಿದೆ (ನೋಟ್ರಂಕ್ ಆಯ್ಕೆ ಮರೆತರೆ ಫೈಲೇ ತುಂಡಾಗುತ್ತೆ). ಮತ್ತೆ ಜೋಡಿಸಿ, ಪ್ರತಿ ಸಲ ಪೇಜ್ ಕ್ಯಾಶ್ (ಓದಿದ್ದು ಮೆಮೊರಿಯಲ್ಲಿ ಉಳಿಯೋ ಜಾಗ) ಖಾಲಿ ಮಾಡಿ ಓದಿದರೆ ಒಮ್ಮೆ ಸಮ್ ಸರಿ, ಒಮ್ಮೆ ತಪ್ಪು, ಓದು ಯಾವ ಡಿಸ್ಕ್‌ಗೆ ಹೋಯ್ತು ಅನ್ನೋದರ ಮೇಲೆ. ಎಂಡಿ ಒಂದು ದೂರೂ ಹೇಳಲಿಲ್ಲ. ರಿಪೇರ್ ಕೊಟ್ಟೆ, ಮತ್ತೆ ಚೆಕ್ ಓಡಿಸಿದೆ. ಕೌಂಟ್ ಸೊನ್ನೆಯಾಯ್ತು, ಕೆಟ್ಟ ಪ್ರತಿ ಎರಡೂ ಕಡೆ ಕೂತಿತು. ನಿನ್ನೆ ನಾನು ಒತ್ತಲು ಹೊರಟಿದ್ದು ಇದನ್ನೇ.

ಆಮೇಲೆ ಎರಡು ಲೂಪ್‌ಗಳ ಮೇಲೆ ಮೊದಲು ಡಿಎಂ-ಇಂಟೆಗ್ರಿಟಿ (ಪ್ರತಿ ಸೆಕ್ಟರ್‌ಗೂ ಚೆಕ್‌ಸಮ್ ಇಡೋ ಪದರ), ಅದರ ಮೇಲೆ ರೇಡ್ ಕಟ್ಟಿ ಅದೇ ಪೆಟ್ಟು ಕೊಟ್ಟೆ. ಲಾಗ್‌ನಲ್ಲಿ ಚೆಕ್‌ಸಮ್ ಫೇಲ್ ಅಂತ ಬಂತು, ಎಂಡಿಗೆ ಅದು ರೀಡ್ ಎರರ್ ಆಗಿ ಕಂಡಿತು, ಇನ್ನೊಂದು ಪ್ರತಿಯಿಂದ ಓದಿ ಕೆಟ್ಟ ಜಾಗಕ್ಕೆ ಮತ್ತೆ ಬರೆಯಿತು. ಸಮ್ ಎಲ್ಲ ಸರಿ.

ನನ್ನ ನಿಜವಾದ ಅರೇಯನ್ನ ಒಂದೊಂದೇ ಡಿಸ್ಕ್ ತೆಗೆದು ಹೀಗೆ ಬದಲಿಸಬಹುದಾ?

ಉತ್ತರ 1

ಬದಲಿಸಬಹುದು. ಆದರೆ ಇಂಟೆಗ್ರಿಟಿ ಟ್ಯಾಗ್‌ಗಳು (ಆ ಚೆಕ್‌ಸಮ್‌ಗಳು) ಜಾಗ ತಿನ್ನುತ್ತವೆ, ಹೊಸ ಡಿವೈಸ್ ಸ್ವಲ್ಪ ಚಿಕ್ಕದಾಗಿ ಈಗಿನ ಅರೇಗೆ ಸೇರಲ್ಲ. ಮೊದಲು ಎಕ್ಸ್‌ಟಿ4 ಕುಗ್ಗಿಸಿ, ಆಮೇಲೆ ಅರೇ ಗಾತ್ರ. ಫಾರ್ಮ್ಯಾಟ್ ಇಡೀ ಡಿಸ್ಕ್ ಅಳಿಸುತ್ತೆ, ಆ ಹೊತ್ತಲ್ಲಿ ನಿಮ್ಮ ಹತ್ತಿರ ಒಂದೇ ಪ್ರತಿ ಇರುತ್ತೆ. ಹಾಗಾಗಿ ರೆಕಾರ್ಡಿಂಗ್‌ಗಳನ್ನ ಮೂರನೇ ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲಿ ಎಸ್‌ಎಚ್‌ಎ256 ಹೊಂದಿಸಿ ನೋಡಿಕೊಂಡ ಮೇಲೇ ಕೈ ಹಾಕಿ.